ಹೂ ಬಿಡೋ ಮುಂಚೆ ಕೈ ಹಾಕಿ: ಬಡಾವಣೆಯ ಕಳೆ ಗೆಲ್ಲಲು ಹದಿನೈದು ಸೂತ್ರ

ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ನಮ್ಮ ದೇಶದಲ್ಲಿ ಎದ್ದು ಕಂಡದ್ದು 1950ರ ದಶಕದ ನಡುವೆ, ಪುಣೆಯಲ್ಲಿ. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತೆಂದು ಬಹಳ ಜನ ಹೇಳುತ್ತಾರೆ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 1975ರಲ್ಲಿ, ಕರ್ನಾಟಕ ಸರ್ಕಾರ ಅದನ್ನು ಉಪದ್ರವಕಾರಿ ಕಳೆ ಎಂದು ಕಾನೂನಿನಡಿ ಘೋಷಿಸಿತು. ಮೆಕ್ಸಿಕೊದಿಂದ ಜೀರುಂಡೆ ತಂದು ಬಿಟ್ಟದ್ದಾಯಿತು, ದೇಶವಿದೇಶದ ವಿಜ್ಞಾನಿಗಳು ಸೇರಿ ಸಮ್ಮೇಳನ ಮಾಡಿದ್ದಾಯಿತು. ಆದರೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಯಾವ ಊರಿನ ಹೊಸ ಬಡಾವಣೆಗೆ ಕಾಲಿಟ್ಟರೂ ಖಾಲಿ ಸೈಟಿನ ತುಂಬ ಎದೆಮಟ್ಟ ನಿಂತಿರುವುದು ಕಾಂಗ್ರೆಸ್ ಗಿಡವೇ.

ರಾಗಿ ಹೊಲದಲ್ಲಿ ಅದನ್ನು ರೈತ ಉಳಿಯಗೊಡುವುದಿಲ್ಲ. ಉಳುಮೆ, ಕುಂಟೆ, ಕಳೆ ಕೀಳುವ ಹೆಂಗಸರ ಕೈ ಎಲ್ಲವೂ ಅದರ ಮೇಲೆ ಬೀಳುತ್ತವೆ. ಬಡಾವಣೆಯಲ್ಲಿ ಯಾರದ್ದೂ ಅಲ್ಲದ ನೆಲ ಬಹಳ: ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಾಲೀಕನ ಸೈಟು, ಚರಂಡಿಯ ಅಂಚು, ಪಾರ್ಕಿಗೆಂದು ಬಿಟ್ಟು ಮರೆತ ಜಾಗ, ಟ್ರಾನ್ಸ್‌ಫಾರ್ಮರ್ ಸುತ್ತಲಿನ ತುಂಡು ನೆಲ. ಕಳೆ ಬಲಿಯುವುದು ಅಲ್ಲಿ. ಈ ಸೂತ್ರಗಳು ಅಂಥ ಬೀದಿಯಲ್ಲಿ ಮನೆ ಕಟ್ಟಿಕೊಂಡವರಿಗಾಗಿ.

1. ಎಳೆಯದರಲ್ಲೇ ಗುರುತು ಹಿಡಿಯಿರಿ

ಬಿಳಿ ಹೂ ಬಂದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ, ಆಗ ಹೊತ್ತು ಮೀರಿರುತ್ತದೆ. ಮೊಳೆತ ಹೊಸದರಲ್ಲಿ ಗಿಡ ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಹರಡಿರುತ್ತದೆ. ಎಲೆ ಕ್ಯಾರೆಟ್ ಸೊಪ್ಪಿನ ಹಾಗೆ ಸೀಳುಸೀಳು. ಸೇವಂತಿಗೆ ಸಸಿಯೆಂದೋ ಮಾಚಿಪತ್ರೆಯೆಂದೋ ನೀರು ಹಾಕಿ ಸಾಕುವವರಿದ್ದಾರೆ. ಎಲೆ ಹೊಸಕಿ ಮೂಸಿದರೆ ಮಾಚಿಪತ್ರೆಗೆ ಗಮ್ಮೆನ್ನುವ ವಾಸನೆಯಿದೆ, ಇದಕ್ಕಿಲ್ಲ. ಆದರೆ ಬರಿಗೈಲಿ ಹೊಸಕಬೇಡಿ. ಸ್ವಲ್ಪ ಬೆಳೆದ ಮೇಲೆ ಕಾಂಡದ ಉದ್ದಕ್ಕೂ ಗೀರು ಗೀರು ಎದ್ದಿರುತ್ತದೆ, ಮೇಲೆ ಸಣ್ಣ ರೋಮ. ಮನೆಯ ಮಕ್ಕಳಿಗೆ ದೂರದಿಂದಲೇ ತೋರಿಸಿಕೊಡಿ. ಅವರ ಕಣ್ಣು ನಮ್ಮದಕ್ಕಿಂತ ಚುರುಕು.

2. ಬೀಜದ ಲೆಕ್ಕ ಇಡಿ

ಇಡೀ ವಿದ್ಯೆ ಇರುವುದು ಈ ಒಂದು ಸಾಲಿನಲ್ಲಿ: ಬೀಜ ಉದುರಲು ಬಿಡಬಾರದು. ಒಂದು ಬಿಳಿ ಹೂವನ್ನು ಹತ್ತಿರದಿಂದ ನೋಡಿ. ಮೆಣಸಿನ ಕಾಳಿನಷ್ಟು ದಪ್ಪ, ಅಂಚಿನಲ್ಲಿ ಐದು ಮೂಲೆ. ಮೂಲೆಗೊಂದರಂತೆ ಐದು ಬೀಜ. ದೊಡ್ಡ ಗಿಡದಲ್ಲಿ ಇಂಥ ಹೂ ಸಾವಿರಗಟ್ಟಲೆ, ಹೀಗಾಗಿ ಒಂದೇ ಗಿಡ 15,000ಕ್ಕೂ ಮೀರಿ ಬೀಜ ಉದುರಿಸಬಲ್ಲದು. ಮೊಳೆತ ನಾಲ್ಕರಿಂದ ಆರು ವಾರದೊಳಗೆ ಹೂ. ತೇವ ಇದ್ದರೆ ವರ್ಷದಲ್ಲಿ ಮೂರು ನಾಲ್ಕು ತಲೆಮಾರು. ಹಾಗಾಗಿ ಹೂ ಬಂದ ಮೇಲೆ ನೂರು ಗಿಡ ಕೀಳುವುದಕ್ಕಿಂತ ಹೂವಿಗೆ ಮುಂಚೆ ಹತ್ತು ಗಿಡ ಕೀಳುವುದು ದೊಡ್ಡ ಕೆಲಸ.

3. ಮಳೆ ನಕ್ಷತ್ರ ನೋಡಿಕೊಂಡು ಇಳಿಯಿರಿ

ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಸುತ್ತದೆ. ಒಳ್ಳೆಯ ಕೆಲಸ. ಆದರೆ ಅದು ಮಖೆ ಮಳೆ ಹುಟ್ಟುವ ಹೊತ್ತು. ಮಂಡ್ಯದ ಕಡೆ ಭರಣಿ, ಕೃತ್ತಿಕೆ ಮಳೆಗೇ ನೆಲ ನೆಂದು ಕಳೆ ಮೊಳೆತಿರುತ್ತದೆ. ಆಗಸ್ಟ್‌ಗೆ ಕಾದರೆ ಮೊದಲ ಬೀಜ ಆಗಲೇ ಮಣ್ಣು ಸೇರಿರುತ್ತದೆ. ನಮ್ಮೂರಿನ ಲೆಕ್ಕ ಹೀಗಿರಲಿ: ರೋಹಿಣಿಯಲ್ಲಿ ಒಂದು ಸುತ್ತು, ಮೃಗಶಿರದಲ್ಲಿ ಇನ್ನೊಂದು. ನಮಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮತ್ತೆ ಮಳೆ ಜೋರು, ಆದ್ದರಿಂದ ಹಸ್ತ, ಚಿತ್ತೆಯಲ್ಲಿ ಮೂರನೆಯದು. ನಾಲೆ ನೀರಿನ ಜಿನುಗು ಇರುವ ಶ್ರೀರಂಗಪಟ್ಟಣ, ಪಾಂಡವಪುರದ ಬಡಾವಣೆಗಳಲ್ಲಿ ಬೇಸಿಗೆಯಲ್ಲೂ ಕಣ್ಣಿಡಬೇಕು. ಮಳೆ ನಂಬಿದ ನಾಗಮಂಗಲದ ಕಡೆ ಬೇಸಿಗೆಯಲ್ಲಿ ಬಿಡುವು ಸಿಗುತ್ತದೆ.

4. ಬೇರು ಸಮೇತ ಎತ್ತಿ

ಮಳೆ ಬಂದ ಮಾರನೆಯ ಬೆಳಿಗ್ಗೆ ಮಣ್ಣು ಮೆತ್ತಗಿರುತ್ತದೆ. ಬುಡ ಹಿಡಿದು ನೆಟ್ಟಗೆ ಎಳೆದರೆ ತಾಯಿಬೇರು ಪೂರ್ತಿ ಬರುತ್ತದೆ. ಒಣ ನೆಲದಲ್ಲಿ ಎಳೆದರೆ ಕಾಂಡ ಮುರಿದು ಬುಡ ಉಳಿಯುತ್ತದೆ, ಅಲ್ಲಿಂದ ಮತ್ತೆ ಕವಲು. ಕುಡುಗೋಲಿನಲ್ಲಿ ಕೊಯ್ದರೂ, ಹುಲ್ಲು ಕತ್ತರಿಸುವ ಮೆಷಿನ್ ಆಡಿಸಿದರೂ ಇದೇ ಕಥೆ: ಗಿಡ ಗಿಡ್ಡಗಾಗಿ ನೆಲಕ್ಕೆ ಹತ್ತಿರದಲ್ಲೇ ಹೂ ಬಿಡುತ್ತದೆ. ಗಣೇಶನ ಹಬ್ಬಕ್ಕೋ ಊರಹಬ್ಬಕ್ಕೋ ರಸ್ತೆ ಚೆಂದ ಕಾಣಲೆಂದು ಮೆಷಿನ್ ಹೊಡೆಸುವುದಾದರೆ ಹೊಡೆಸಿ. ಕಳೆ ಹೋಯಿತೆಂದು ಮಾತ್ರ ತಿಳಿಯಬೇಡಿ. ಗಟ್ಟಿ ನೆಲಕ್ಕೆ ಗುದ್ದಲಿಯೇ ಬೇಕು.

5. ಮೈ ಮುಚ್ಚಿಕೊಂಡು ಇಳಿಯಿರಿ

ಈ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಿಷ ಕೆಲವರಿಗೆ ತುರಿಕೆ, ಕಜ್ಜಿ ತರಿಸುತ್ತದೆ. ಅದರಲ್ಲೂ ಕೈ, ಕತ್ತು, ರೆಪ್ಪೆಯ ಮೇಲೆ. ಪರಾಗ ಕೆಲವರಿಗೆ ಸೀನು, ಉಬ್ಬಸ ತರುತ್ತದೆ. ಒಂದು ಸಲ ಆದವರಿಗೆ ಮುಂದಿನ ಸಲ ಇನ್ನೂ ಬೇಗ, ಇನ್ನೂ ಜೋರು. ತುಂಬುತೋಳಿನ ಅಂಗಿ, ರಬ್ಬರ್ ಕೈಗವಸು, ಮೂಗಿಗೆ ಮಾಸ್ಕು ಇಷ್ಟು ಕಡ್ಡಾಯ. ದಮ್ಮು ಇರುವವರನ್ನು, ಮಕ್ಕಳನ್ನು ಈ ಕೆಲಸಕ್ಕೆ ಕರೆಯಬೇಡಿ. ಮುಖ್ಯವಾದ ಮಾತೊಂದಿದೆ: ಬರಿಗೈಲಿ ಕಿತ್ತುಹಾಕುವಂತೆ ಪೌರಕಾರ್ಮಿಕರಿಗೆ ಹೇಳುವುದು ಅನ್ಯಾಯ. ಕೈಗವಸು ಇಲ್ಲದೆ ಬಂದಿದ್ದರೆ ಬೀದಿಯವರೇ ಕೊಂಡು ಕೊಡಿ, ಕೆಲಸ ಮುಗಿದ ಮೇಲೆ ಸೋಪು, ನೀರು ಕೊಡಿ.

6. ಬರಿ ನೆಲ ಬಿಡಬೇಡಿ

ಬಹಳ ಬೀದಿಗಳು ಸೋಲುವುದು ಇಲ್ಲಿ. ಶ್ರಮದಾನ ಮಾಡಿ, ಫೋಟೊ ತೆಗೆಸಿಕೊಂಡು, ಸೈಟನ್ನು ಬೋಳು ಮಾಡಿ ಬರುತ್ತಾರೆ. ಪಾರ್ಥೇನಿಯಂಗೆ ಬೇಕಾಗಿದ್ದೂ ಅದೇ, ಬಿಸಿಲು ಬೀಳುವ ಬೋಳು ನೆಲ. ಅದರ ಬೀಜ ಮಣ್ಣಿನ ಮೇಲ್ಪದರದಲ್ಲೇ ಇರುತ್ತದೆ. ಮುಂದಿನ ಮಳೆಗೆ ಮೊದಲು ತಲೆ ಎತ್ತುವುದು ಅದೇ. ಕಿತ್ತ ವಾರದೊಳಗೆ ಆ ಜಾಗದಲ್ಲಿ ಬೇರೇನಾದರೂ ಕೂತಿರಬೇಕು.

ಇದನ್ನು ಕರ್ನಾಟಕದಲ್ಲಿ ಪಟ್ಟು ಹಿಡಿದು ಹೇಳಿದವರು ಭತ್ತದ ತಳಿ ವಿಜ್ಞಾನಿ ಡಾ. ಎಂ. ಮಹದೇವಪ್ಪ. ಅವರು ಕುಲಪತಿಯಾಗಿದ್ದ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲೇ 1997ರ ಅಕ್ಟೋಬರಿನಲ್ಲಿ ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಕ್ಯಾಸಿಯಾ ಜಾತಿಯ ಗಿಡ ದಟ್ಟವಾಗಿ ಎದ್ದರೆ ಪಾರ್ಥೇನಿಯಂ ಅದರಡಿ ಸೊರಗುತ್ತದೆ ಎಂಬುದನ್ನು ಅವರು ಎತ್ತಿ ಹೇಳಿದರು. ಆಗ ಹೆಚ್ಚು ಬಳಕೆಗೆ ಬಂದ ಕ್ಯಾಸಿಯಾ ಸೆರಿಸಿಯಾ ಕೂಡ ಹೊರನಾಡಿನದು. ಮನೆಗಳ ನಡುವೆ ನಾನು ಅದನ್ನು ಹೇಳಲಾರೆ. ನಮಗೆ ಹಳೆಯ ಪರಿಚಯದ ತಗಚೆಯೇ ಸಾಕು. ಬೇಸಿಗೆ ಕೊನೆಯಲ್ಲಿ ಬೀಜ ಚೆಲ್ಲಿದರೆ ಮೊದಲ ಮಳೆಗೆ ಏಳುತ್ತದೆ, ಎಳೆ ಸೊಪ್ಪು ಸಾರಿಗೂ ಆಗುತ್ತದೆ.

ಮಾಲೀಕರು ಒಪ್ಪಿದರೆ ಇನ್ನೂ ಲಾಭದ ದಾರಿಯಿದೆ. ಜುಲೈ ಕೊನೆಗೆ ಚೆಂಡು ಹೂವಿನ ಸಸಿ ಒತ್ತಾಗಿ ನೆಟ್ಟರೆ ಆಯುಧಪೂಜೆಯ ಹೊತ್ತಿಗೆ ಹೂ ಕೈಗೆ ಬರುತ್ತದೆ. ಪಾರ್ಥೇನಿಯಂ ಎದುರು ನಿಲ್ಲುವ ಗಿಡಗಳ ಪಟ್ಟಿಯಲ್ಲಿ ಚೆಂಡು ಹೂವೂ ಉಂಟು. ಆಮೇಲೆ ಹಿಂಗಾರಿಗೆ ಹುರುಳಿ. ನೀರು ಕೇಳುವುದಿಲ್ಲ, ನೆಲ ಬಿಡದಂತೆ ಹಬ್ಬುತ್ತದೆ. ಭತ್ತದ ಗದ್ದೆಗೆ ಹಾಕುವ ಅಪ್ಸೆಣಬೂ ನಡೆಯುತ್ತದೆ. ಕಳೆಗಿಂತ ಬೇಗ ಎದ್ದು ನೆರಳು ಮಾಡುತ್ತದೆ.

7. ಕಬ್ಬಿನ ತರಗು ಸುಡುವ ಬದಲು ತನ್ನಿ

ಪಾಂಡವಪುರ, ಶ್ರೀರಂಗಪಟ್ಟಣದ ಸುತ್ತ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುವುದು ಕಾಣುತ್ತದೆ. ಗದ್ದೆಯವರನ್ನು ಕೇಳಿ ಒಂದು ಟ್ರ್ಯಾಕ್ಟರ್ ತರಗು ತಂದು, ಕಳೆ ಕಿತ್ತ ಅಂಚುಗಳಲ್ಲಿ ಅರ್ಧ ಅಡಿ ದಪ್ಪ ಹಾಸಿ. ಬೆಳಕು ಸಿಗದೆ ಹೊಸ ಮೊಳಕೆ ಏಳುವುದು ಬಹಳ ಕಡಿಮೆಯಾಗುತ್ತದೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆ ತೆಂಗಿನ ಗರಿ, ಮಟ್ಟೆ ಧಾರಾಳ, ಅದೂ ಆಗುತ್ತದೆ. ಬೆಂಕಿಯ ಭಯ ಇರುವುದರಿಂದ ಮನೆ ಗೋಡೆ, ಕರೆಂಟ್ ಕಂಬದ ಬುಡ ಬಿಟ್ಟು ಹಾಸಿ.

8. ಲೋಡು ಇಳಿಸುವ ಮುಂಚೆ ನೋಡಿ

ಹೊಸ ಬಡಾವಣೆಗೆ ಬೀಜ ಗಾಳಿಯಲ್ಲಿ ಬಂದದ್ದಕ್ಕಿಂತ ಲಾರಿಯಲ್ಲಿ ಬಂದದ್ದೇ ಹೆಚ್ಚು. ಪಾಯ ತುಂಬಲು ತಂದ ಗ್ರಾವೆಲ್, ತೋಟಕ್ಕೆಂದು ತರಿಸಿದ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಜೆಸಿಬಿ ಚಕ್ರಕ್ಕೆ ಮೆತ್ತಿದ ಕೆಸರು, ಎಲ್ಲದರಲ್ಲೂ ಬೀಜ ಇರಬಹುದು. ಮಣ್ಣು ತೆಗೆಯುವ ಜಾಗಕ್ಕೆ ಒಮ್ಮೆ ಹೋಗಿ ನೋಡಿ. ಸುತ್ತ ಬಿಳಿ ಹೂ ನಿಂತಿದ್ದರೆ ಬೇರೆ ಕಡೆಯಿಂದ ತರಿಸಿ. ಮನೆ ಕಟ್ಟಿ ಮುಗಿದ ಆರು ತಿಂಗಳು, ಲೋಡು ಇಳಿಸಿದ ಜಾಗವನ್ನು ಮಳೆ ಬಂದಾಗಲೆಲ್ಲ ನೋಡುತ್ತಿರಿ.

9. ಖಾಲಿ ಸೈಟಿನ ಮಾಲೀಕರನ್ನು ಹಿಡಿಯಿರಿ

ಬೈದು ಪ್ರಯೋಜನವಿಲ್ಲ, ಅವರಿಗೆ ಸೈಟಿನ ಸ್ಥಿತಿಯೇ ಗೊತ್ತಿರುವುದಿಲ್ಲ. ಅಕ್ಕಪಕ್ಕದವರಿಂದ, ಸೈಟು ಮಾರಿಸಿದವರಿಂದ ನಂಬರ್ ಸಿಗುತ್ತದೆ. ಒಂದು ಫೋಟೊ ಕಳಿಸಿ, ಆಮೇಲೆ ಫೋನ್ ಮಾಡಿ. ಮಾತು ಹೀಗಿರಲಿ: "ನಮಸ್ಕಾರ ಸಾರ್, ನಿಮ್ ಸೈಟ್ ಪಕ್ಕದ ಮನೆಯೋರು ಮಾತಾಡ್ತಿರೋದು. ಕಾಂಗ್ರೆಸ್ ಗಿಡ ಮೊಣಕಾಲುದ್ದ ಬಂದದೆ, ಇನ್ನೊಂದ್ ವಾರಕ್ಕೆ ಹೂ ಬಿಟ್ಬುಡ್ತದೆ. ನಾವೇ ನಿಂತ್ಕಂಡು ಆಳಿಂದ ಕೀಳಿಸ್ತೀವಿ, ಕೂಲಿ ಒಂದು ಕಳಿಸ್ಕೊಡಿ. ಆಮೇಲೆ ಹುರುಳಿ ಚೆಲ್ತೀವಿ, ಜಾಗ ನಿಮ್ದೇ." ಕೊನೆಯ ಆ ಎರಡು ಮಾತು ಬಹಳ ಮುಖ್ಯ. ಸೈಟಿಗೆ ಬೇರೆಯವರು ಕಾಲಿಟ್ಟರೆ ಹಕ್ಕು ಹೋದೀತು ಎಂಬ ಅಂಜಿಕೆ ಮಾಲೀಕರಿಗೆ ಇರುತ್ತದೆ. ಅದನ್ನು ನೀವಾಗಿಯೇ ತೆಗೆದುಹಾಕಿ. ಬಿತ್ತಿದ್ದು ಹುರುಳಿಯಾಗಲಿ ಹೂವಾಗಲಿ, ಬಂದದ್ದರಲ್ಲಿ ಅವರ ಮನೆಗೂ ಒಂದು ಪಾಲು ಕಳಿಸಿ.

ಮಾಲೀಕರು ಸಿಗಲೇ ಇಲ್ಲವೆಂದರೆ ಪುರಸಭೆಯ ಮುಖ್ಯಾಧಿಕಾರಿಗೆ, ಹಳ್ಳಿಯಾದರೆ ಪಂಚಾಯಿತಿ ಪಿಡಿಒಗೆ ಅರ್ಜಿ ಕೊಡಿ. ಸೈಟ್ ನಂಬರ್, ಅಡ್ಡರಸ್ತೆ, ಫೋಟೊ, ಬೀದಿಯ ಹತ್ತು ಮನೆಯವರ ಸಹಿ, ಇಷ್ಟಿದ್ದರೆ ಅರ್ಜಿಗೆ ತೂಕ ಬರುತ್ತದೆ. ಮಾಲೀಕರಿಗೆ ನೋಟಿಸ್ ಕೊಡಿ ಎಂದು ಅದರಲ್ಲೇ ಕೇಳಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಅರ್ಜಿ ಏಪ್ರಿಲ್‌ನಲ್ಲಿ ಹೋಗಲಿ. ಹೂ ಕಂಡ ಮೇಲೆ ಬರೆದರೆ ನೋಟಿಸ್ ತಲುಪುವ ಹೊತ್ತಿಗೆ ಬೀಜ ಉದುರಿರುತ್ತದೆ.

10. ಉಪ್ಪು, ವಿಷ ಎರಡಕ್ಕೂ ಮಿತಿ

ಲೀಟರ್ ನೀರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಬಿಸಿಲಿನಲ್ಲಿ ಸಿಂಪಡಿಸಿದರೆ ಎಳೆ ಗಿಡ ಸುಟ್ಟಂತಾಗುತ್ತದೆ. ಬೆಳೆ ಬೆಳೆಯದ ಜಾಗಕ್ಕೆ ತಜ್ಞರು ಹೇಳುವ ಉಪಾಯವೇ ಇದು. ಸಿಮೆಂಟ್ ಇಟ್ಟಿಗೆಯ ಸಂದು, ರಸ್ತೆ ಬಿರುಕಿಗೆ ಸರಿ. ಮಣ್ಣಿಗೆ ಬೇಡ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನೀರು ನಿಂತು ಕರಲಾದ ನೆಲ ಈಗಾಗಲೇ ಇದೆ, ಅದಕ್ಕೆ ನಾವೂ ಉಪ್ಪು ಸೇರಿಸುವುದು ತರವಲ್ಲ.

ಕಳೆನಾಶಕ ಮನೆಗಳ ನಡುವೆ ಬೇಡವೇ ಬೇಡ. ನಮ್ಮ ಊರುಗಳಲ್ಲಿ ಬಡಾವಣೆ ಮುಗಿದಲ್ಲಿ ಹಿಪ್ಪುನೇರಳೆ ತೋಟ ಶುರುವಾಗುತ್ತದೆ. 2,4-ಡಿ ಯಂಥ ಔಷಧದ ಹನಿ ಗಾಳಿಯಲ್ಲಿ ತೇಲಿಹೋದರೆ ಹಿಪ್ಪುನೇರಳೆಗೂ ಟೊಮೆಟೊಗೂ ಏಟು. ರೇಷ್ಮೆ ಸಾಕುವ ಮನೆಯವರ ಬೆಳೆ ಹೋದ ಮೇಲೆ ಕ್ಷಮೆ ಕೇಳಿ ಪ್ರಯೋಜನವಿಲ್ಲ. ಊರಾಚೆಯ ದೊಡ್ಡ ಜಾಗಕ್ಕೆ ಬೇಕೇ ಬೇಕೆನಿಸಿದರೆ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿಯೇ ಮುಂದುವರಿಯಿರಿ.

11. ಜೀರುಂಡೆಯನ್ನು ಕೊಲ್ಲಬೇಡಿ

ಎಲೆ ತೂತು ತೂತಾದ ಪಾರ್ಥೇನಿಯಂ ಕಂಡರೆ ಬಗ್ಗಿ ನೋಡಿ. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೀರುಗಳ ಪುಟ್ಟ ಜೀರುಂಡೆ ಇದ್ದರೆ ಅದು ಮೆಕ್ಸಿಕೊದ್ದು. 1983ರಲ್ಲಿ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಯ ಸಂತತಿ ಇದು. ಮಳೆಗಾಲದಲ್ಲಿ ಮಣ್ಣಿನಿಂದೆದ್ದು ಬಂದು ತಾನೂ ತಿನ್ನುತ್ತದೆ, ಮರಿಯೂ ತಿನ್ನುತ್ತದೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ. 1990ರ ದಶಕದ ಆರಂಭದಲ್ಲಿ ಸೂರ್ಯಕಾಂತಿಯ ಮೇಲೆ ಕಂಡಿತೆಂದು ರೈತರು ಗಾಬರಿಯಾಗಿದ್ದರು. ಪರಿಶೀಲನೆಯಲ್ಲಿ ದೊಡ್ಡ ಅಪಾಯವೇನೂ ಕಾಣಲಿಲ್ಲ. ಮನೆ ಹತ್ತಿರ ಕೈಯಿಂದಲೇ ಕೀಳಿ. ರೈಲು ಹಳಿ ಬದಿ, ನಾಲೆ ಏರಿಯಂಥ ನಮ್ಮ ಕೈಗೆಟುಕದ ಕಡೆ ಜೀರುಂಡೆ ಮೇಯಲಿ. ಅಲ್ಲಿ ಕೀಟನಾಶಕ ಹೊಡೆಯಬೇಡಿ.

12. ಕಿತ್ತದ್ದನ್ನು ರಸ್ತೆ ಬದಿ ಬಿಸಾಡಬೇಡಿ

ಹೂ ಬಾರದ ಗಿಡ ಗೊಬ್ಬರಕ್ಕೆ ಚೆನ್ನ. ಗುಂಡಿಯಲ್ಲಿ ಒಂದು ಪದರ ಗಿಡ, ಮೇಲೆ ಸಗಣಿ ನೀರು, ಮಣ್ಣು, ಹೀಗೆ ತುಂಬಿ ಮುಚ್ಚಿದರೆ ನಾಲ್ಕೈದು ತಿಂಗಳಿಗೆ ಕಳಿಯುತ್ತದೆ. ಹೂ ಬಂದದ್ದನ್ನು ಅದಕ್ಕೆ ಬೆರೆಸಬೇಡಿ. ಅದನ್ನು ಸಿಮೆಂಟ್ ಚೀಲದೊಳಗೆ ಅಲುಗಿಸದೆ ತುಂಬಿ, ಬೇರೆ ಆಳದ ಗುಂಡಿಯಲ್ಲಿ ಹೂತು, ಮತ್ತೆ ಕೆದಕದೆ ಬಿಡಿ. ದನಕ್ಕೆ, ಕುರಿಗೆ ಹಾಕುವ ಯೋಚನೆ ಬೇಡ, ಹಾಲು ಕಹಿಯಾಗುತ್ತದೆ.

13. ಕೋಟೆ ಗೋಡೆ ಮುಟ್ಟಬೇಡಿ

ಶ್ರೀರಂಗಪಟ್ಟಣದವರಿಗೆ ಮಾತ್ರ ಈ ಮಾತು. ಕಲ್ಲಿನ ಸಂದಿನಲ್ಲಿ ಬೇರು ಬಿಟ್ಟ ಗಿಡ ಎಳೆದರೆ ಗಾರೆ, ಕಲ್ಲು ಸಡಿಲವಾಗುತ್ತವೆ. ಕೋಟೆ, ಕಂದಕದ ಗೋಡೆಯ ಮೇಲಿನದನ್ನು ಪುರಾತತ್ವ ಇಲಾಖೆಗೆ ತಿಳಿಸಿ. ಗೋಡೆಯಾಚೆಯ ನೆಲದ್ದನ್ನು ನೀವು ನೋಡಿಕೊಳ್ಳಿ.

14. ಲಂಟಾನ, ಜಲಕಳೆಗೆ ಪಟ್ಟು ಬೇರೆ

ಇವೆರಡನ್ನೂ ಅಂದದ ಹೂವಿಗೆಂದು ನಮ್ಮ ದೇಶಕ್ಕೆ ತಂದದ್ದು. ಲಂಟಾನ 19ನೇ ಶತಮಾನದ ಆರಂಭದಲ್ಲೇ ಕಲ್ಕತ್ತೆಗೆ ಬಂತು, ಜಲಕಳೆ ಆ ಶತಮಾನದ ಕೊನೆಗೆ ಬಂಗಾಳಕ್ಕೆ. ಬೇಲಿಯಲ್ಲಿ ಹಬ್ಬಿದ ಲಂಟಾನವನ್ನು ಮೇಲೆ ಸವರಿದರೆ ಎರಡು ಪಾಲು ದಟ್ಟವಾಗುತ್ತದೆ. ಬುಡದ ಮಣ್ಣು ಬಿಡಿಸಿ, ನೆಲಮಟ್ಟದಿಂದ ಎರಡು ಬೆರಳು ಕೆಳಗೆ ತಾಯಿಬೇರು ಕಡಿದು, ಬುಡ ಮೇಲಾಗುವಂತೆ ಮಗುಚಿ ಒಣಗಿಸಿ. ಹಕ್ಕಿ ಹಣ್ಣು ತಿಂದು ಕೂರುವ ತಂತಿ, ಮರದ ಕೆಳಗೆ ಹೊಸ ಸಸಿ ಏಳುತ್ತದೆ, ಅಲ್ಲಿ ಹುಡುಕಿ. ಇದರ ಸೊಪ್ಪು ತಿಂದ ದನಕ್ಕೆ ಕಾಯಿಲೆಯಾಗುತ್ತದೆ.

ಕೆರೆ, ಕಟ್ಟೆ, ನಾಲೆಯಲ್ಲಿ ನೇರಳೆ ಹೂ ಬಿಡುವ ಜಲಕಳೆ ಬೆಳೆಯುವುದು ಕೊಳಚೆಯ ಸಾರ ಉಂಡು. ಎರಡು ವಾರದಲ್ಲಿ ಇಮ್ಮಡಿಯಾಗಬಲ್ಲದು. ಬಡಾವಣೆಯ ಚರಂಡಿ ಕೆರೆಗೆ ಬಿಟ್ಟುಕೊಂಡು ಪ್ರತಿ ವರ್ಷ ಜೆಸಿಬಿ ತರಿಸುವುದು ದುಡ್ಡು ನೀರಿಗೆ ಹಾಕಿದಂತೆ. ಮೊದಲು ಚರಂಡಿಯ ದಾರಿ ತಿರುಗಿಸಲು ಒತ್ತಾಯಿಸಿ. ತೆಗೆದ ಕಳೆಯನ್ನು ನೀರಿನಂಚಿನಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ವಾಪಸ್ ಇಳಿಯುತ್ತದೆ, ಏರಿ ದಾಟಿಸಿ ಒಣಗಿಸಿ. ಕೆ.ಆರ್. ಪೇಟೆಯ ಮಂದಗೆರೆ, ಹೇಮಗಿರಿ ನಾಲೆಗಳ ಬದಿಯಲ್ಲಿ ಇರುವವರು ನೀರು ನಿಲ್ಲಿಸಿದ ದಿನಗಳಲ್ಲಿ ಈ ಕೆಲಸ ಮುಗಿಸಿಕೊಳ್ಳಬಹುದು. ಮನೆ ತೊಟ್ಟಿಯಲ್ಲಿ ಅಂದಕ್ಕೆ ಸಾಕಿದ ಜಲಕಳೆ ಹೆಚ್ಚಾಯಿತೆಂದು ಕೆರೆಗೆ ಸುರಿಯಬೇಡಿ. ಕಾವೇರಿ ದಡದ ಶ್ರೀರಂಗಪಟ್ಟಣದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ರಂಗನತಿಟ್ಟಿನ ಹಕ್ಕಿಗಳ ಬದುಕು ಈ ಹೊಳೆಯ ನೀರನ್ನೇ ನಂಬಿದೆ.

15. ಮೂರು ವರ್ಷ ಬಿಡದೆ ನಡೆಸಿ

ಮಣ್ಣಿನಲ್ಲಿ ಹೂತ ಬೀಜ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಮೊದಲ ವರ್ಷ ಕಿತ್ತಷ್ಟೂ ಏಳುವುದು ನೋಡಿ ಬಹಳ ಮಂದಿ ಕೈಬಿಡುತ್ತಾರೆ. ಹೊಸ ಬೀಜ ಸೇರಲು ಬಿಡದಿದ್ದರೆ ಎರಡನೆಯ ವರ್ಷಕ್ಕೆ ಇಳಿತ ಕಾಣುತ್ತದೆ, ಮೂರನೆಯ ವರ್ಷಕ್ಕೆ ಕೆಲಸ ಬೆಳಗಿನ ವಾಕಿಂಗ್‌ನಲ್ಲೇ ಮುಗಿಯುವಷ್ಟಾಗುತ್ತದೆ. ಬೀದಿಯ ಒಂದು ನಕ್ಷೆ ಬರೆದು, ಯಾವ ಮನೆಗೆ ಯಾವ ಖಾಲಿ ಜಾಗದ ಜವಾಬ್ದಾರಿ ಎಂದು ಹೆಸರು ಹಚ್ಚಿ. ನಕ್ಷೆ ಹಿಡಿದು ಮೊದಲು ನೋಡಬೇಕಾದದ್ದು ಚರಂಡಿಯ ಎರಡೂ ಅಂಚು. ಬೀಜ ಬೀದಿಯಿಂದ ಬೀದಿಗೆ ಹರಿದುಹೋಗುವುದು ಆ ದಾರಿಯಲ್ಲೇ, ಆದ್ದರಿಂದ ಮೇಲಿನ ಬೀದಿಯವರನ್ನೂ ಜೊತೆಗೆ ಸೇರಿಸಿಕೊಳ್ಳಿ.